15 ದಿನದ ರಜೆಗೆ ಬರುವ ಸಿಸ್ಟರತ್ತೆಯನ್ನು ಏನೆಂದು ಕೇಳಲಿ?

ತೋಟದಮನೆ, ಮಡಿಕೇರಿ ತಾಲ್ಲೂಕು (ಪ್ರಶ್ನೆ)

ನನ್ನ ತಂದೆಯ ಅಕ್ಕ ಕಥೋಲಿಕ ಸನ್ಯಾಸಿನಿ. ಅವರಿಗೀಗ 79 ವರ್ಷ. ನಾವು ಮಕ್ಕಳೆಲ್ಲ ಅವರನ್ನು ‘ಸಿಸ್ಟರತ್ತೆ’ ಎನ್ನುತ್ತೇವೆ. 1964ರ ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೊದಲ ವಾರವೇ, ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಸಂಪಾಜೆ ಘಾಟಿ ಇಳಿದು ಮಂಗಳೂರಿನ ಮಠಕ್ಕೆ ಸೇರಿದವರು. ಆಮೇಲೆ ಕರಾವಳಿಯ ಮತ್ತು ಉತ್ತರ ಕರ್ನಾಟಕದ ಶಾಲೆಗಳಲ್ಲಿ ಪಾಠ ಹೇಳಿ, ಕೆಲವು ವರ್ಷ ಹೆಣ್ಣುಮಕ್ಕಳ ಹಾಸ್ಟೆಲೊಂದನ್ನು ನೋಡಿಕೊಂಡು, ಈಗ ವಯಸ್ಸಾದ ಸಿಸ್ಟರುಗಳ ನಿವಾಸದಲ್ಲಿದ್ದಾರೆ. ಅಕ್ಟೋಬರ್ ಕೊನೆಯ ವಾರದಲ್ಲಿ 15 ದಿನದ ರಜೆಗೆ ನಮ್ಮಲ್ಲಿಗೆ ಬರುತ್ತಿದ್ದಾರೆ. ಮೊಣಕಾಲು ನೋವು ಹೆಚ್ಚಾಗಿರುವುದರಿಂದ ತಾವು ಘಾಟಿ ಹತ್ತುವುದು ಇದೇ ಕೊನೆಯ ಸಲ ಎಂದು ಫೋನಿನಲ್ಲಿ ಅವರೇ ಹೇಳಿದರು.

ನಮ್ಮ ಹಳೆಯ ಮನೆ ಮಕ್ಕಂದೂರಿನ ಕಡೆಗಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಾವು ಉಟ್ಟ ಬಟ್ಟೆಯಲ್ಲಿ ಹೊರಬಂದೆವು. ಅಟ್ಟದ ಮೇಲಿದ್ದ ಫೋಟೋಗಳು, ಅಜ್ಜಿಯ ಪ್ರಾರ್ಥನೆ ಪುಸ್ತಕ, ಅತ್ತೆ ಮಠದಿಂದ ಬರೆದಿದ್ದ ಕಾಗದಗಳ ಕಟ್ಟು, ಎಲ್ಲವೂ ಮಣ್ಣಿನಡಿಗೆ ಹೋದವು. ಆ ಮನೆಯಲ್ಲಿ 1950ರ ದಶಕದ ಬದುಕು ಹೇಗಿತ್ತೆಂದು ಹೇಳಬಲ್ಲವರು ಈಗ ಅತ್ತೆಯೊಬ್ಬರೇ. ಅವರ ಬಾಯಿಂದ ಕೇಳಿ ಬರೆದಿಡಬೇಕೆಂದು ನನಗೆ ಬಹಳ ಆಸೆ.

ಆದರೆ ಅತ್ತೆ ತಮ್ಮ ವಿಷಯ ತಾವು ಆಡುವವರಲ್ಲ. ಎರಡು ವರ್ಷದ ಹಿಂದೆ ಬಂದಿದ್ದಾಗ, ಸಿಸ್ಟರ್ ಆಗಬೇಕೆಂದು ಮೊದಲು ಯಾವಾಗ ಅನ್ನಿಸಿತು ಎಂದು ಕೇಳಿದೆ. “ದೇವರು ಕರೆದರು, ಹೋದೆ” ಎಂದು ಹೇಳಿ ಬೀನ್ಸ್ ಮುರಿಯುವುದನ್ನು ಮುಂದುವರಿಸಿದರು. ಮರುದಿನ ಮತ್ತೆ ಕೇಳಿದ್ದಕ್ಕೆ, “ಅದೆಲ್ಲ ಕೊಟ್ಟಾಗಿದೆ ಮಗಾ, ಕೊಟ್ಟದ್ದನ್ನು ತಿರುಗಿ ಎಣಿಸಬಾರದು” ಎಂದರು. ಅಲ್ಲಿಗೆ ಮಾತು ನಿಂತಿತು.

ಇನ್ನೊಂದು ವಿಷಯವಿದೆ, ಅದನ್ನು ಇಲ್ಲಿ ಬರೆಯಲು ಸ್ವಲ್ಪ ಸಂಕೋಚವಾಗುತ್ತದೆ. 1966ರ ಆಗಸ್ಟ್‌ನಲ್ಲಿ, ಅತ್ತೆ ಇನ್ನೂ ನವಶಿಷ್ಯೆಯಾಗಿ (ವ್ರತ ಸ್ವೀಕರಿಸುವ ಮೊದಲಿನ ತರಬೇತಿಯಲ್ಲಿ) ಇದ್ದಾಗ, ಅಜ್ಜ ತೀರಿಕೊಂಡರು. ಮಠಕ್ಕೆ ತಂತಿ ಕಳಿಸಿ, ಒಂದು ದಿನ ಹೆಚ್ಚಾಗಿಯೇ ಕಾದರಂತೆ. ಅತ್ತೆ ಬರಲಿಲ್ಲ. ಆಗ 12 ವರ್ಷದವರಾಗಿದ್ದ ನನ್ನ ತಂದೆ ಮಂಗಳೂರಿನ ಪ್ರತಿಯೊಂದು ಬಸ್ಸಿಗೂ ರಸ್ತೆಗೆ ಓಡಿ ನೋಡಿ ಬಂದಿದ್ದರಂತೆ. “ದೇವರ ಮನೆಗೆ ಹೋದವರಿಗೆ ಅಪ್ಪನ ಮನೆಯ ದಾರಿ ಮರೆಯಿತು” ಎಂದು ಅವರು ಇಂದಿಗೂ ಹೇಳುವುದುಂಟು, ಅಕ್ಕನ ಎದುರಿಗೆ ಮಾತ್ರ ಒಮ್ಮೆಯೂ ಆಡಿಲ್ಲ. ಇದನ್ನು ನಾನು ಅತ್ತೆಯ ಹತ್ತಿರ ಕೇಳಬಹುದೇ? ಅವರ ಮಾತನ್ನು ಧ್ವನಿಮುದ್ರಣ ಮಾಡಿಕೊಳ್ಳಲು ಮಠದ ಮೇಲಧಿಕಾರಿಗಳ ಅನುಮತಿ ಬೇಕೇ? ಮನೆಯಲ್ಲಿ ಸಿಸ್ಟರುಗಳು ಇರುವವರು, ಸಾಧ್ಯವಾದರೆ ಸಿಸ್ಟರುಗಳೇ, ದಯವಿಟ್ಟು ದಾರಿ ತೋರಿಸಬೇಕು.

ನಿವೃತ್ತ ಸಿಸ್ಟರ್, ಕುಶಾಲನಗರ

ನಾನು ನಿಮ್ಮ ಅತ್ತೆಗಿಂತ ಆರು ವರ್ಷ ಚಿಕ್ಕವಳು, ಸಿಸ್ಟರುಗಳ ಬೇರೊಂದು ಸಭೆಗೆ (ಸಂಘಕ್ಕೆ) ಸೇರಿದವಳು. ಆದರೂ ಅವರ ಉತ್ತರ ಓದಿದಾಗ ಅವರ ಪಕ್ಕದಲ್ಲೇ ಕುಳಿತು ಬೀನ್ಸ್ ಮುರಿಯುತ್ತಿದ್ದೇನೆ ಅನ್ನಿಸಿತು.

ಮೊದಲು ಸುಲಭದ ಪ್ರಶ್ನೆ. ಮನೆಯವರೊಂದಿಗೆ ಹಳೆಯದನ್ನು ಮಾತನಾಡಲು ಯಾವ ಅನುಮತಿಯೂ ಬೇಡ. ಅಚ್ಚು ಹಾಕಿಸುವ ಯೋಚನೆಯಿದ್ದರೆ ಅತ್ತೆಯೇ ತಮ್ಮ ಮುಖ್ಯಸ್ಥೆಗೆ ಒಂದು ಮಾತು ತಿಳಿಸುತ್ತಾರೆ. ಧ್ವನಿಮುದ್ರಣ ಮಾಡಿಕೊಳ್ಳುವ ಮೊದಲು ಅತ್ತೆಯ ಒಪ್ಪಿಗೆ ಕೇಳಿ. ಫೋನನ್ನು ಮೇಜಿನ ಕೆಳಗೆ ಇಟ್ಟುಕೊಳ್ಳಬೇಡಿ.

ಸಿಸ್ಟರ್ ಆಗಬೇಕೆಂದು ಯಾವಾಗ ಅನ್ನಿಸಿತು ಎಂಬ ಪ್ರಶ್ನೆಯನ್ನು ನಮಗೆ ಯಾರು ಕೇಳಿಲ್ಲ ಹೇಳಿ! ದೈವಕರೆಯ ಶಿಬಿರಗಳಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ರೈಲಿನಲ್ಲಿ ಎದುರು ಕುಳಿತವರು, ಎಲ್ಲರೂ ಕೇಳುತ್ತಾರೆ. ಉತ್ತರ ಕೊಟ್ಟು ಕೊಟ್ಟು ಅದು ಸವೆದ ನಾಣ್ಯದಂತಾಗಿದೆ, ಮೇಲಿನ ಅಕ್ಷರ ನಮಗೇ ಓದಲು ಬರುವುದಿಲ್ಲ. ನಿಮ್ಮ ಅತ್ತೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳಬೇಡಿ. ಆ ಪ್ರಶ್ನೆಗೆ ಅವರಲ್ಲಿ ಉಳಿದಿರುವುದು ಅಷ್ಟೇ.

ಅದರ ಬದಲು ಆ ತಗಡಿನ ಪೆಟ್ಟಿಗೆಯ ವಿಷಯ ಕೇಳಿ. ಆ ಕಾಲದಲ್ಲಿ ಮಠ ಸೇರುವವರು ಏನೇನು ತರಬೇಕೆಂದು ಒಂದು ಪಟ್ಟಿ ಮನೆಗೆ ಬರುತ್ತಿತ್ತು: ಹೊದಿಕೆ, ತಟ್ಟೆ, ಲೋಟ, ಸೊಳ್ಳೆ ಪರದೆ, ಕೊಡೆ, ಇಂತಿಷ್ಟು ಗಜ ಬಿಳಿ ಬಟ್ಟೆ. ನಮ್ಮಂಥ ಬಡ ಮನೆಗಳಲ್ಲಿ ಆ ಪಟ್ಟಿಯನ್ನು ಪೂರೈಸುವುದೆಂದರೆ ಒಂದು ಸಣ್ಣ ಮದುವೆಯ ಖರ್ಚು. ಯಾವ ವಸ್ತುವನ್ನು ಯಾರು ಕೊಟ್ಟರು, ಯಾವುದನ್ನು ಸಾಲ ಮಾಡಿ ತಂದರು, ಬಟ್ಟೆ ಯಾರು ಹೊಲಿದರು, ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಸ್ಸಿನವರೆಗೆ ಬಂದವರು ಯಾರು, ಇದನ್ನೆಲ್ಲ ಕೇಳಿದರೆ ಇಡೀ ಊರೇ ಹೊರಗೆ ಬರುತ್ತದೆ. ಎರಡನೆಯದಾಗಿ, ಅವರ ಪ್ರಾರ್ಥನೆ ಪುಸ್ತಕವನ್ನು ತೋರಿಸಲು ಕೇಳಿ. ಹಾಳೆಗಳ ನಡುವೆ ತೀರಿಹೋದವರ ಸ್ಮರಣೆಯ ಚೀಟಿಗಳು ಇದ್ದೇ ಇರುತ್ತವೆ. ನಿಮ್ಮ ಮನೆಯ ಫೋಟೋಗಳೆಲ್ಲ ಹೋದವು ಎಂದಿರಿ. ಒಂದೆರಡು ಮುಖ ಅಲ್ಲಿ ಸಿಕ್ಕರೂ ಸಿಕ್ಕೀತು.

ಇನ್ನು ‘ಕೊಟ್ಟಾಗಿದೆ’ ಎಂಬ ಮಾತು. ಅದು ಅವರ ತಲೆಮಾರಿಗೆ ಕಲಿಸಿದ ಮಾತು. ನೇಗಿಲಿಗೆ ಕೈಯಿಟ್ಟು ಹಿಂದಿರುಗಿ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಎಂದು ಲೂಕನ ಶುಭಸಂದೇಶದಲ್ಲಿದೆ. ತಂದೆಯನ್ನಾಗಲಿ ತಾಯಿಯನ್ನಾಗಲಿ ನನಗಿಂತ ಹೆಚ್ಚಾಗಿ ಪ್ರೀತಿಸುವವನು ನನಗೆ ತಕ್ಕವನಲ್ಲ ಎಂದು ಮತ್ತಾಯನಲ್ಲಿದೆ. ಈ ಎರಡು ವಾಕ್ಯಗಳನ್ನು ಆಗಿನ ನವಶಿಷ್ಯೆಯರ ಶಿಕ್ಷಕಿಯರು ಬಹಳ ಬಿಗಿಯಾಗಿ ಓದಿಸುತ್ತಿದ್ದರು. ಮನೆಗೆ ಬರೆದ ಕಾಗದವನ್ನು ಅಂಟಿಸದೆ ಕೊಡಬೇಕು, ಮನೆಯಿಂದ ಬಂದದ್ದು ತೆರೆದೇ ಕೈಗೆ ಬರುತ್ತಿತ್ತು. ಅನೇಕ ಸಭೆಗಳಲ್ಲಿ ಸನ್ಯಾಸಿನಿಯ ಬಟ್ಟೆ ಕೊಡುವ ದಿನ ಹೆಸರನ್ನೂ ಬದಲಾಯಿಸುತ್ತಿದ್ದರು. ಜಗತ್ತಿನ ಕಥೋಲಿಕ ಬಿಷಪರು ಸೇರಿದ ದ್ವಿತೀಯ ವ್ಯಾಟಿಕನ್ ಮಹಾಸಭೆ ಸನ್ಯಾಸ ಜೀವನದ ನವೀಕರಣದ ಆಜ್ಞಾಪತ್ರವನ್ನು ಹೊರಡಿಸಿದ್ದು 1965ರ ಅಕ್ಟೋಬರ್ 28ರಂದು. ಆದರೆ ರೋಮಿನಲ್ಲಿ ಸಹಿ ಬಿದ್ದ ಮರುದಿನವೇ ಮಂಗಳೂರಿನ ಮಠದ ಬಾಗಿಲು ತೆರೆಯಿತು ಎಂದು ಭಾವಿಸಬಾರದು. ಪ್ರತಿಯೊಂದು ಸಭೆಯೂ ತನ್ನ ಮಹಾಅಧಿವೇಶನ ಕರೆದು, ಹಳೆಯ ನಿಯಮಾವಳಿಯನ್ನು ಹೊಸದಾಗಿ ಬರೆದುಕೊಳ್ಳಬೇಕಿತ್ತು. ಅದಕ್ಕೆ ವರ್ಷಗಳೇ ಹಿಡಿದವು. ನಾನು 1970ರಲ್ಲಿ ಸೇರುವಾಗ ಸ್ವಲ್ಪ ಗಾಳಿ ಆಡುತ್ತಿತ್ತು. ನಿಮ್ಮ ಅತ್ತೆ 1966ರಲ್ಲಿ ಇದ್ದದ್ದು ಬಾಗಿಲು ಮುಚ್ಚಿದ ಕೊನೆಯ ದಿನಗಳಲ್ಲಿ.

ಕೋಲ್ಕತ್ತದ ಮದರ್ ತೆರೇಸಾ 1928ರಲ್ಲಿ, 18ನೆಯ ವಯಸ್ಸಿನಲ್ಲಿ, ಮನೆ ಬಿಟ್ಟರು. ಆಮೇಲೆ ತಾಯಿಯ ಮುಖವನ್ನು ಮತ್ತೆ ನೋಡಲಿಲ್ಲ. ಜಗತ್ತೇ ಗುರುತಿಸುವಂತಾದ ಮೇಲೂ ಆಗಿನ ಅಲ್ಬೇನಿಯದ ಸರ್ಕಾರ ದಾರಿ ಬಿಡದೆ, ತಾಯಿ 1972ರಲ್ಲಿ ತಿರಾನಾದಲ್ಲಿ ತೀರಿಕೊಂಡರು. ಅಲ್ಲಿ ತಡೆದದ್ದು ಮಠವಲ್ಲ, ಸರ್ಕಾರ. ಆದರೂ ನಮ್ಮಲ್ಲಿ ತಂದೆತಾಯಿಯ ಮಣ್ಣಿಗೆ ಹೋಗಲಾಗದ ಸಿಸ್ಟರುಗಳು ಒಬ್ಬರನ್ನೊಬ್ಬರು ಸಮಾಧಾನ ಮಾಡುವಾಗ ಈ ಕಥೆ ಹೇಳಿಕೊಳ್ಳುತ್ತಿದ್ದರು.

ನನ್ನದೂ ಒಂದು ಹೇಳುತ್ತೇನೆ. ಸಿದ್ದಾಪುರದ ಕಡೆ ತೋಟವೊಂದರಲ್ಲಿ ನನ್ನ ತಂದೆ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಗಿದ್ದರು. ಸಂಜೆ ಏಳಕ್ಕೆ ಚಿಮಣಿ ದೀಪದ ಮುಂದೆ ಮನೆಯವರೆಲ್ಲ ತೇರ್ಸ್‌ಗೆ, ಅಂದರೆ ಜಪಸರದ ಪ್ರಾರ್ಥನೆಗೆ, ಮೊಣಕಾಲೂರಬೇಕು. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಮಳೆಗೆ ಯಾರ ಪ್ರಾರ್ಥನೆಯೂ ಯಾರಿಗೂ ಕೇಳುತ್ತಿರಲಿಲ್ಲ, ತುಟಿ ಆಡುವುದಷ್ಟೇ ಕಾಣುತ್ತಿತ್ತು. ಅಮ್ಮ ಜಪಸರದ ಮಣಿ ಸರಿಸುತ್ತಲೇ ಒಲೆಯ ಮೇಲಿನ ಗಂಜಿ ಉಕ್ಕದಂತೆ ಓರೆಗಣ್ಣಿನಲ್ಲಿ ನೋಡುತ್ತಿರುತ್ತಿದ್ದರು. ನವಶಿಷ್ಯತ್ವದಲ್ಲಿ ಧ್ಯಾನವೆಂದರೇನು ಎಂಬ ಪಾಠ ನಡೆದಾಗ, ಶಿಕ್ಷಕಿ ಹೇಳಿದ ದೊಡ್ಡ ಮಾತುಗಳೆಲ್ಲ ಮರೆತುಹೋಗಿ ನನಗೆ ಕಂಡದ್ದು ಆ ಗಂಜಿಯ ಮಡಕೆ. ಮನೆಯನ್ನು ಬಿಟ್ಟೆವು ಎಂದು ನಾವೇ ಹೇಳುತ್ತೇವೆ. ಆದರೆ ಪ್ರಾರ್ಥನೆ ಮಾಡಲು ಕಲಿಸಿದ್ದು ಆ ಮನೆಯೇ ಆದಾಗ, ಪ್ರಾರ್ಥನೆಗೆ ಕುಳಿತಾಗಲೆಲ್ಲ ಅಲ್ಲಿಗೇ ಹೋಗುತ್ತೇವೆ. ಇದನ್ನು ನಾನು ಪಾಪನಿವೇದನೆಯಲ್ಲಿ ಚಿತ್ತಚಾಂಚಲ್ಯವೆಂದು ಹೇಳಿಕೊಂಡದ್ದೂ ಇದೆ! ಗುರುಗಳು ನಕ್ಕುಬಿಟ್ಟರು.

1966ರ ವಿಷಯದಲ್ಲಿ, ಏಕೆ ಬರಲಿಲ್ಲ ಎಂದು ಕೇಳಬೇಡಿ. ಆ ಪ್ರಶ್ನೆಯಲ್ಲಿ ಆಗಲೇ ತೀರ್ಪು ಇದೆ. ಸುದ್ದಿ ಹೇಗೆ ತಲುಪಿತು, ಯಾರು ಹೇಳಿದರು, ಆ ದಿನ ಏನು ಕೆಲಸ ಇತ್ತು ಎಂದು ಕೇಳಿ.

ಕಾಪಿಕಣ, ಸುಂಟಿಕೊಪ್ಪ

ಸಿಸ್ಟರ್ ಅವರ ಮಾತಿಗೆ ಗೌರವವಿದೆ. ಆದರೆ ಮನೆಯಲ್ಲಿ ಉಳಿದವರ ಕಡೆಯಿಂದಲೂ ಒಂದು ಮಾತು ಇರಲಿ. ನಮ್ಮ ಹಿರಿಯರು ಕೇರಳದಿಂದ ಬಂದವರು. ಮನೆಯಲ್ಲಿ ಕೇರಳದ ಸನ್ಯಾಸಿನಿ ಅಲ್ಫೋನ್ಸಮ್ಮನ ಪಟ 2008ರಲ್ಲಿ ಅವರಿಗೆ ಸಂತಪದವಿ ಸಿಗುವ ಎಷ್ಟೋ ಮೊದಲಿನಿಂದ ಇದೆ. ನನ್ನ ತಂಗಿ 1978ರಲ್ಲಿ ಮಠ ಸೇರಿ, ಬಹುಪಾಲು ವರ್ಷಗಳನ್ನು ಮಧ್ಯಪ್ರದೇಶದ ಹಳ್ಳಿಗಳ ಔಷಧಾಲಯಗಳಲ್ಲಿ ಕಳೆದಳು.

ಅವಳ ಅಂತಿಮ ವ್ರತಕ್ಕೆ ಮೊದಲು ಒಂದು ಉಯಿಲಿನ ಕಾಗದ ಬಂತು. ನಿತ್ಯವ್ರತ ಸ್ವೀಕರಿಸುವ ಮುನ್ನ ದೇಶದ ಕಾನೂನಿನಲ್ಲೂ ಊರ್ಜಿತವಾಗುವಂಥ ಉಯಿಲನ್ನು ಬರೆದಿಡಬೇಕೆಂಬುದು ಧರ್ಮಸಭೆಯ ಕಾನೂನು. ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಕ್ರೈಸ್ತ ಮನೆಯ ಮಗಳಿಗೂ ಮಗನಷ್ಟೇ ಪಾಲಿದೆ. ಆದ್ದರಿಂದ ಅದು ಬರಿಯ ಶಾಸ್ತ್ರವಲ್ಲ. ಆಗ ನಮ್ಮ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ತಂಗಿಯನ್ನು ದೇವರಿಗೆ ಕೊಟ್ಟ ಅಣ್ಣಂದಿರೂ ಅಳತೆಯ ಸರಪಳಿ ಹಿಡಿದಾಗ ಹೇಗಿರುತ್ತಾರೆ ಎಂಬುದು ಕೊಡಗಿನಲ್ಲಿ ತೋಟ ಇರುವವರಿಗೆಲ್ಲ ಗೊತ್ತು. ಅವಳು ಏನೂ ಕೇಳದೆ ತನ್ನ ಪಾಲನ್ನು ಬಿಟ್ಟುಕೊಟ್ಟಳು.

ನಾನು ಹೇಳಬೇಕೆಂದದ್ದು ಅದಲ್ಲ. 1996ರಲ್ಲಿ ನಾವು ಹಳೆಯ ಹೆಂಚಿನ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿದೆವು. ಅವಳಿಗೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವಳಿಗೇನು ಅದರಿಂದ ಎಂದುಕೊಂಡೆವು. ಮುಂದಿನ ವರ್ಷ ರಜೆಗೆ ಬಂದವಳು ಜೀಪಿನಿಂದ ಇಳಿದು ಕಣದಲ್ಲೇ ನಿಂತುಬಿಟ್ಟಳು. ಆ ರಾತ್ರಿ ನನಗೆ ಹೇಳಿದಳು: ಸುಮಾರು 20 ವರ್ಷದಿಂದ ಅವಳು ಮಲಗುವ ಮೊದಲು ಮನೆಯವರಿಗಾಗಿ ಪ್ರಾರ್ಥಿಸುತ್ತಿದ್ದದ್ದು ಆ ಮನೆಯ ಕೋಣೆ ಕೋಣೆಗೆ ಹೋಗುವ ಕ್ರಮದಲ್ಲಂತೆ. ಜಗಲಿಯಲ್ಲಿ ಅಪ್ಪ, ಅಡುಗೆಮನೆಯಲ್ಲಿ ಅಮ್ಮ, ಕಾಪಿ ಮೂಟೆ ಇಡುವ ಕೋಣೆಯಲ್ಲಿ ದೊಡ್ಡಣ್ಣ, ಬಾವಿಯ ಹತ್ತಿರ ನಾನು. ಯಾರ ಹೆಸರೂ ತಪ್ಪಿಹೋಗದಿರಲೆಂದು ಹಾಗೆ ಮಾಡಿಕೊಂಡಿದ್ದಳು. “ಈಗ ನಾನು ಎಲ್ಲಿಂದ ಶುರುಮಾಡಲಿ?” ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಹೊಸ ಮನೆಯ ಒಂದೊಂದು ಕೋಣೆಗೂ ಕರೆದುಕೊಂಡು ಹೋಗಿ, ಯಾರು ಎಲ್ಲಿ ಮಲಗುತ್ತಾರೆ ಎಂದು ತೋರಿಸಿದೆ. ಅವಳು ಎರಡು ಸಲ ಸುತ್ತಿದಳು.

ಆದ್ದರಿಂದ, ಅತ್ತೆಯಿಂದ ನೆನಪು ತೆಗೆದುಕೊಳ್ಳುವ ಮೊದಲು ಅವರಿಗೆ ಕೊಡಿ. 60 ವರ್ಷದಲ್ಲಿ ಮನೆಯಲ್ಲಿ ಆದ ಹುಟ್ಟು, ಮದುವೆ, ಜಗಳ, ಸಾಲ, ಅಜ್ಜಿಯ ಕೊನೆಯ ದಿನಗಳು, ಎಷ್ಟನ್ನು ಅವರಿಗೆ ಹೇಳಿದ್ದೀರಿ? ಹಬ್ಬದ ಕಾಗದದಲ್ಲಿ ‘ಎಲ್ಲರೂ ಕ್ಷೇಮ’ ಎಂದಷ್ಟೇ ಬರೆದವರು ನಾವು. ಗುಡ್ಡ ಜರಿದ ಜಾಗವನ್ನು ಅವರಿಗೆ ತೋರಿಸಿದ್ದೀರಾ? ಅವರೂ ಇನ್ನೂ ಆ ಮನೆಯೊಳಗೇ ಓಡಾಡುತ್ತಿರಬಹುದು.

ಇನ್ನು ನಿಮ್ಮ ತಂದೆಯ ನೋವು. ಸುದ್ದಿ ಹೇಗೆ ತಲುಪಿತು ಎಂದು ಬಳಸಿಕೊಂಡು ಕೇಳುವ ಉಪಾಯ ಚೆನ್ನಾಗಿದೆ, ಆದರೆ ಅದು ನಿಮ್ಮ ಪ್ರಶ್ನೆಯಲ್ಲ. ಬಸ್ಸಿಗೆ ಓಡಿ ನೋಡಿದವರು ಅವರು. ಕೇಳುವುದಾದರೆ ಅವರೇ ಕೇಳಲಿ, ಸಿಟ್ಟಿನಲ್ಲೇ ಕೇಳಿದರೂ ಪರವಾಗಿಲ್ಲ. ಅಕ್ಕ ತಮ್ಮಂದಿರ ನಡುವೆ ನೀವು ಪೆನ್ನು ಹಿಡಿದು ಕೂರಬೇಡಿ.

ಹಳೆ ವಿದ್ಯಾರ್ಥಿನಿ, ವಿರಾಜಪೇಟೆ

ನಾನು ಕೊಡವರ ಮನೆಯವಳು, ಕ್ರೈಸ್ತಳಲ್ಲ. ಕಾನ್ವೆಂಟ್ ಶಾಲೆಯಲ್ಲಿ ಹತ್ತು ವರ್ಷ ಓದಿದ ಅಧಿಕಾರದಿಂದ ಎರಡು ಮಾತು ಬರೆಯುತ್ತೇನೆ.

ನಮ್ಮ ಊರಿನಲ್ಲಿ ಈ ಜನ ಮತ್ತು ಈ ನಂಬಿಕೆ ಹೊಸದಲ್ಲ. ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕರಾವಳಿಯ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಕಥೆ ಅಲ್ಲಿಂದ, 1792ರ ಸುಮಾರಿನಿಂದ, ಶುರುವಾಗುತ್ತದೆ. ಅನ್ನಮ್ಮನವರು ಮರಿಯಮ್ಮನವರ ತಾಯಿ, ಅಂದರೆ ಯೇಸುವಿನ ಅಜ್ಜಿ. ಅಜ್ಜಿಯ ಹೆಸರಿನ ಚರ್ಚಿರುವ ಊರಿನವಳು ನಾನು ಎಂಬುದು ಚಿಕ್ಕಂದಿನಲ್ಲಿ ನನಗೆ ಬಹಳ ಇಷ್ಟವಾಗಿತ್ತು.

ನಮಗೆ ಗಣಿತ ಕಲಿಸಿದ ಸಿಸ್ಟರ್ ಒಬ್ಬರು ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯ ಮರುದಿನ ಹೊಸ ಅಕ್ಕಿಯ ಪಾಯಸ ಕೊಟ್ಟರೆ, ಮೊದಲು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿರುತ್ತಿದ್ದರು. ಒಮ್ಮೆ ಕಾರಣ ಹೇಳಿದರು. ಅವರ ಊರಿನಲ್ಲಿ ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಹುಟ್ಟುಹಬ್ಬಕ್ಕೆ, ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು, ಕಾಳು ಸುಲಿದು ಹಾಲು ಪಾಯಸಕ್ಕೆ ಹಾಕಿ, ದೂರದಲ್ಲಿರುವ ಮಕ್ಕಳ ಹೆಸರಿನಲ್ಲೂ ಒಂದು ಪಾಲು ತೆಗೆದಿಡುತ್ತಾರಂತೆ. “ನನ್ನ ಪಾಲು ಅಲ್ಲಿ ಯಾರು ತಿನ್ನುತ್ತಾರೋ, ನಿಮ್ಮ ಮನೆಯದು ನಾನು ತಿನ್ನುತ್ತೇನೆ” ಎಂದು ನಕ್ಕರು. ಒಮ್ಮೆ ನಮ್ಮ ಐನ್‌ಮನೆಗೂ (ಕುಟುಂಬದ ಮೂಲಮನೆಗೂ) ಬಂದಿದ್ದರು. ನಡುಮನೆಯ ತೂಗುದೀಪವನ್ನೂ, ಗುರುಕಾರೋಣರಿಗೆ (ತೀರಿಹೋದ ಹಿರಿಯರಿಗೆ) ಮೀದಿ, ಅಂದರೆ ಎಡೆ, ಇಡುವ ಜಾಗವನ್ನೂ ತೋರಿಸಿದಾಗ, ತೀರಿಹೋದವರ ಹೆಸರುಗಳನ್ನು ನೀವು ಹೇಗೆ ನೆನಪಿಡುತ್ತೀರಿ ಎಂದು ನನ್ನ ಅಜ್ಜಿಯನ್ನು ಕೇಳಿದರು. ಇಬ್ಬರೂ ಒಂದು ಗಂಟೆ ಮಾತಾಡಿದರು. ಅಜ್ಜಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ, ಸಿಸ್ಟರಿಗೆ ಕೊಡವ ತಕ್ಕ್ ಬರುತ್ತಿರಲಿಲ್ಲ.

ಹೀಗಾಗಿ, ತೋಟದಮನೆಯವರೇ, ಹಬ್ಬದ ಊಟದಿಂದ ಶುರುಮಾಡಿ ನೋಡಿ.

ಹಳೆಯ ಕಡತ, ಮೂಲ ಪೊನ್ನಂಪೇಟೆ

ಧರ್ಮಕೇಂದ್ರಗಳ ಹಳೆಯ ದಾಖಲೆಗಳನ್ನು ಓದುವುದು ನನ್ನ ಹವ್ಯಾಸ. ನಿಮಗೆ ಉಪಯೋಗವಾಗಬಹುದಾದ ಒಂದು ದಾಖಲೆ ಮಣ್ಣಿನಡಿಗೆ ಹೋಗಿಲ್ಲ. ಅದು ಅತ್ತೆಯ ದೀಕ್ಷಾಸ್ನಾನದ ನೋಂದಣಿ. ಅದರಲ್ಲಿ ಹುಟ್ಟಿದ ದಿನ, ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ, ದೀಕ್ಷೆ ಕೊಟ್ಟ ಗುರುಗಳು, ಇಷ್ಟೂ ಇರುತ್ತದೆ. 1946ರ ಪುಸ್ತಕ ಲ್ಯಾಟಿನ್ನಿನಲ್ಲಿದ್ದರೆ ಗಾಬರಿಯಾಗಬೇಡಿ, ಹೆಸರುಗಳು ತಿಳಿಯುತ್ತವೆ. ಕಚೇರಿಯಲ್ಲಿ ಮೊದಲೇ ವಿನಂತಿಸಿಕೊಂಡು, ಅತ್ತೆಯನ್ನೇ ಕರೆದುಕೊಂಡು ಹೋಗಿ.

ಆ ಪುಸ್ತಕದ ಅಂಚಿನ ಖಾಲಿ ಜಾಗಕ್ಕೆ ಒಂದು ವಿಶೇಷವಿದೆ. ದೀಕ್ಷಾಸ್ನಾನವಾದ ಮಗು ಮುಂದೆ ಎಲ್ಲೇ ಮದುವೆಯಾಗಲಿ, ಗುರುದೀಕ್ಷೆ ಪಡೆಯಲಿ, ಆ ಸುದ್ದಿ ಹುಟ್ಟೂರಿನ ಪುಸ್ತಕಕ್ಕೆ ಮರಳಿ ಬಂದು ಅಂಚಿನಲ್ಲಿ ದಾಖಲಾಗಬೇಕು. ಧರ್ಮಸಭೆಯ ಕಾನೂನಿನ ಈಗಿನ 1983ರ ಸಂಹಿತೆಯ 535ನೆಯ ನಿಯಮದಂತೆ ಸನ್ಯಾಸಿನಿಯ ನಿತ್ಯವ್ರತವೂ ಅಲ್ಲಿ ಬರಬೇಕು. ಹಳೆಯ 1917ರ ಸಂಹಿತೆ ಕೇಳುತ್ತಿದ್ದದ್ದು ಘನವ್ರತಗಳನ್ನು (ಹೆಚ್ಚು ಬಿಗಿಯಾದ ಬಗೆಯ ವ್ರತಗಳನ್ನು) ಮಾತ್ರ, ಬೋಧನೆ ಶುಶ್ರೂಷೆಗಳ ಸಭೆಗಳ ಸಿಸ್ಟರುಗಳು ಕೊಡುವುದು ಸರಳವ್ರತ. ಆದ್ದರಿಂದ ನಿಮ್ಮ ಅತ್ತೆಯದು ಅಲ್ಲಿ ಇಲ್ಲದಿದ್ದರೂ ಅದು ಯಾರ ತಪ್ಪೂ ಅಲ್ಲ.

ಅದೇ ಹಳೆಯ ಸಂಹಿತೆಯ ಇನ್ನೊಂದು ನಿಯಮವನ್ನು ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. 556ನೆಯ ನಿಯಮದ ಪ್ರಕಾರ, ನವಶಿಷ್ಯೆ ಅನುಮತಿ ಪಡೆದು ಹೊರಗಿದ್ದರೂ, 30 ದಿನ ದಾಟಿದರೆ ಮಾತ್ರ ನವಶಿಷ್ಯತ್ವ ಮುರಿದುಬೀಳುತ್ತಿತ್ತು. 15 ದಿನಕ್ಕಿಂತ ಹೆಚ್ಚಾದರೆ ಅಷ್ಟು ದಿನಗಳನ್ನು ಆಮೇಲೆ ತುಂಬಿಕೊಡಬೇಕಿತ್ತು. ಅದಕ್ಕಿಂತ ಕಡಿಮೆಯಾದರೆ ತುಂಬಿಸುವುದೂ ಬಿಡುವುದೂ ಮೇಲಧಿಕಾರಿಣಿಯ ಇಷ್ಟ. ಎಂದರೆ ಎರಡು ಮೂರು ದಿನದ ಮಟ್ಟಿಗೆ ತಂದೆಯ ಮಣ್ಣಿಗೆ ಕಳಿಸಲು ಧರ್ಮಸಭೆಯ ಕಾನೂನು ಅಡ್ಡ ಬರುತ್ತಿರಲಿಲ್ಲ. ಅಡ್ಡ ಬಂದದ್ದು ಆಯಾ ಸಭೆಯ ನಿಯಮಾವಳಿ ಮತ್ತು ರೂಢಿ. ಈ ವ್ಯತ್ಯಾಸ ಮುಖ್ಯವೆಂದು ನನಗೆ ತೋರುತ್ತದೆ, ಏಕೆಂದರೆ ನಿಮ್ಮ ತಂದೆ 60 ವರ್ಷ ಸಿಟ್ಟು ಮಾಡಿಕೊಂಡಿರುವುದು ದೇವರ ಮೇಲೆ ಮತ್ತು ಅಕ್ಕನ ಮೇಲೆ. ಇಬ್ಬರೂ ಆ ನಿರ್ಧಾರ ಮಾಡಿದವರಲ್ಲ.

ಸಿಸ್ಟರುಗಳು ಮನೆಯ ನೆನಪು ಬರೆಯುವುದು ವ್ರತಕ್ಕೆ ಸಲ್ಲದು ಎಂದು ಅತ್ತೆ ಹಿಂಜರಿದರೆ, ಫ್ರಾನ್ಸಿನ ಲಿಸಿಯೂದ ಸಂತ ತೆರೇಸಳನ್ನು ನೆನಪಿಸಿ. 15ನೆಯ ವಯಸ್ಸಿನಲ್ಲಿ ಕಾರ್ಮೆಲ್ ಮಠ ಸೇರಿದ ಆಕೆ ತನ್ನ ಬಾಲ್ಯವನ್ನು ಬರೆಯತೊಡಗಿದ್ದು 1895ರಲ್ಲಿ, ಮಠದ ಮುಖ್ಯಸ್ಥೆಯ ಆಜ್ಞೆಯಂತೆ. ಆ ಮುಖ್ಯಸ್ಥೆ ಬೇರೆ ಯಾರೂ ಅಲ್ಲ, ಒಡಹುಟ್ಟಿದ ಅಕ್ಕ. ಐವರು ಅಕ್ಕತಂಗಿಯರೂ ಸನ್ಯಾಸಿನಿಯರಾದ ಮನೆ ಅದು. 2015ರಲ್ಲಿ ತಂದೆತಾಯಿ ಇಬ್ಬರಿಗೂ ಒಟ್ಟಿಗೆ ಸಂತಪದವಿ ಸಿಕ್ಕಿತು. 1921ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಿಸ್ಟರುಗಳ ಬೆಥನಿ ಸಭೆ ಹೊತ್ತಿರುವ ‘ಪುಟ್ಟ ಪುಷ್ಪ’ದ ಹೆಸರೂ ಈಕೆಯದೇ. ವಿಧೇಯತೆಯ ವ್ರತದಿಂದಲೇ ಅಮ್ಮ, ಅಪ್ಪ, ಮನೆಯ ತೋಟ ಎಲ್ಲ ಕಾಗದಕ್ಕೆ ಇಳಿದ ಉದಾಹರಣೆ ಇದು.

ನಿವೃತ್ತ ಸಿಸ್ಟರ್, ಕುಶಾಲನಗರ

556ನೆಯ ನಿಯಮದ ವಿಷಯ ನನಗೆ ಗೊತ್ತಿರಲಿಲ್ಲ. ಕಾನೂನೇ ಹಾಗಿತ್ತು ಎಂದು ನಮಗೆ ಹೇಳಿದ್ದರು, ನಾವೂ ಚಿಕ್ಕವರಿಗೆ ಹಾಗೆಯೇ ಹೇಳುತ್ತಾ ಬಂದೆವು. ಇಂದು ಸಂಜೆ ನಮ್ಮ ಮನೆಯಲ್ಲಿ ಇನ್ನಿಬ್ಬರು ಹಿರಿಯ ಸಿಸ್ಟರುಗಳಿಗೆ ಇದನ್ನು ಓದಿ ಹೇಳಿದೆ. ಒಬ್ಬರು ಏನೂ ಮಾತನಾಡದೆ ಎದ್ದು ಪ್ರಾರ್ಥನಾಮಂದಿರಕ್ಕೆ ಹೋದರು.

ಕಾಪಿಕಣ ಅವರ ಮಾತನ್ನೂ ಒಪ್ಪುತ್ತೇನೆ. ತಂದೆಯವರೇ ಕೇಳಲಿ.

ತೋಟದಮನೆ, ಮಡಿಕೇರಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಅತ್ತೆ ಬಂದು ಒಂದು ವಾರವಾಯಿತು. ಈವರೆಗೆ ಆದದ್ದನ್ನು ತಿಳಿಸುತ್ತೇನೆ.

ಮೊದಲ ಮೂರು ದಿನ ನಾನು ಏನನ್ನೂ ಕೇಳಲಿಲ್ಲ, ಹೇಳುತ್ತಾ ಹೋದೆ. ಅಜ್ಜಿ ಕೊನೆಯ ತಿಂಗಳು ಹೇಗೆ ಮಲಗಿದ್ದರು, ಯಾರು ಊಟ ಮಾಡಿಸುತ್ತಿದ್ದರು, ಚಿಕ್ಕಪ್ಪ ಎಷ್ಟು ಸಾಲ ಮಾಡಿದ್ದರು, ಎಲ್ಲವನ್ನೂ. ಅವರಿಗೆ ಗೊತ್ತಿದ್ದದ್ದು ಬಹಳ ಕಡಿಮೆ. ನಾಲ್ಕನೆಯ ದಿನ ಗುಡ್ಡ ಜರಿದ ಜಾಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಈಗ ಹುಲ್ಲು ಎದೆಯೆತ್ತರ ಬೆಳೆದಿದೆ. ಅತ್ತೆ ಊರುಗೋಲಿನಿಂದ ಒಂದು ಕಡೆ ತೋರಿಸಿ, ಇಲ್ಲಿ ಒಲೆ ಇತ್ತು ಎಂದರು. ತಂದೆ, ಅಲ್ಲ, ಇನ್ನೂ ಆಚೆ ಎಂದರು. ಇಬ್ಬರೂ ಸ್ವಲ್ಪ ಹೊತ್ತು ಒಲೆಯ ಜಾಗಕ್ಕಾಗಿ ವಾದ ಮಾಡಿದರು.

ನಿನ್ನೆ ಚರ್ಚಿನ ಕಚೇರಿಗೆ ಹೋಗಿ ನೋಂದಣಿ ಪುಸ್ತಕವನ್ನು ನೋಡಿದೆವು. ಅಂಚಿನಲ್ಲಿ ದೃಢೀಕರಣ ಸಂಸ್ಕಾರದ ಒಂದು ಸಾಲು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಖಾಲಿ ಜಾಗ ನೋಡಿ ಅತ್ತೆಗೆ ಬೇಸರವಾಗುತ್ತದೆಯೆಂದು ನಾನು ಹೆದರಿದ್ದೆ. ಅವರು ಅದನ್ನು ಗಮನಿಸಲೇ ಇಲ್ಲ. ಅವರ ಬೆರಳು ಜ್ಞಾನತಾಯಿಯ ಹೆಸರಿನ ಮೇಲೆ ನಿಂತಿತ್ತು. ಮನೆಯಲ್ಲಿ ಯಾರೂ ಹೇಳದ ಹೆಸರು ಅದು, ಪಕ್ಕದ ತೋಟದ ಲೈನ್‌ಮನೆಯಲ್ಲಿ (ಕೂಲಿಯವರ ಸಾಲುಮನೆಯಲ್ಲಿ) ಇದ್ದ ವಿಧವೆಯೊಬ್ಬರದು. ಪೆಟ್ಟಿಗೆಯ ಪಟ್ಟಿಯಲ್ಲಿದ್ದ ಕೊಡೆಯನ್ನು ಅಜ್ಜನಿಗೆ ಕೊಳ್ಳಲಾಗದೆ ಇದ್ದಾಗ, ಕಾಪಿ ಕೊಯ್ಲಿನ ಕೂಲಿ ಕೂಡಿಟ್ಟು ತಂದುಕೊಟ್ಟವರು ಅವರಂತೆ. ಮಠ ಸೇರಿದ ದಿನವೇ ಬಡತನದ ನಿಯಮದಂತೆ ಅತ್ತೆ ಆ ಕೊಡೆಯನ್ನು ಎಲ್ಲರ ಉಪಯೋಗಕ್ಕೆ ಒಪ್ಪಿಸಬೇಕಾಯಿತು. ಮರದ ಹಿಡಿಯ ಆ ಕೊಡೆ ಹಿಡಿದುಕೊಂಡು ಬೇರೆ ಬೇರೆ ಸಿಸ್ಟರುಗಳು ಮಳೆಯಲ್ಲಿ ಅಂಗಳ ದಾಟುವುದನ್ನು ನಾಲ್ಕು ವರ್ಷ ಕಿಟಕಿಯಿಂದ ನೋಡುತ್ತಿದ್ದರಂತೆ. ಅವರಿಗೆ ಅದು ಒಮ್ಮೆಯೂ ಸಿಗಲಿಲ್ಲವೇ ಎಂದು ಕೇಳಿದೆ. “ಒಂದು ಸಲ ಸಿಕ್ಕಿತು, ಆ ದಿನ ಮಳೆ ಬರಲಿಲ್ಲ” ಎಂದರು. ಕಚೇರಿಯಿಂದ ಮನೆಗೆ ಬರುವವರೆಗೂ, ಬಂದ ಮೇಲೂ, ಅವರು ಮಾತು ನಿಲ್ಲಿಸಲಿಲ್ಲ. 11 ಪುಟ ಬರೆದಿದ್ದೇನೆ.

1966ರ ವಿಷಯ ನಾನು ಎತ್ತಿಲ್ಲ. ‘ಹಳೆಯ ಕಡತ’ ಅವರು ಬರೆದದ್ದನ್ನು ಮಾತ್ರ ತಂದೆಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೊಮ್ಮೆ ಓದು ಎಂದರು. ನಾಳೆ ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ. ಬೆಳಗಿನ ಪೂಜೆಯಾದ ಮೇಲೆ ಅಕ್ಕ ತಮ್ಮ ಇಬ್ಬರೇ ಅಜ್ಜನ ಸಮಾಧಿಗೆ ಹೋಗುತ್ತಾರೆ. ಮೇಣದ ಬತ್ತಿಗಳನ್ನು ಚೀಲಕ್ಕೆ ಹಾಕಿಟ್ಟಿದ್ದೇನೆ. ನಾನು ಗೇಟಿನ ಹೊರಗೆ ಜೀಪಿನಲ್ಲೇ ಇರುತ್ತೇನೆ.